ಸ್ವಲ್ಪ ಬಿಡಿಸಿ ಹೇಳ್ತೀರಾ?

ಊರಿಂದ ಯಾರೇ ಬಂದರೂ ಅವರನ್ನು ದಕ್ಷಿಣೇಶ್ವರಕ್ಕೆ ಕರೆದುಕೊಂಡು ಹೋಗುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಮೊದಲೆಲ್ಲ ಬಸ್ಸಿನಲ್ಲಿ ಡನ್‌ಲಪ್ ದಾಟಿ ಬೆವರು ಸುರಿಸಿಕೊಂಡು ಹೋಗುತ್ತಿದ್ದೆವು. 2021ರಲ್ಲಿ ಮೆಟ್ರೋ ಅಲ್ಲಿಯವರೆಗೂ ಬಂದ ಮೇಲೆ ಆ ಕಷ್ಟ ತಪ್ಪಿದೆ. ಬಂದವರು ಕಾಳಿಯ ದರ್ಶನಕ್ಕೆ ಸಾಲಿನಲ್ಲಿ ನಿಲ್ಲುತ್ತಾರೆ. ಎಷ್ಟೋ ಸಲ ನೋಡಿದ ನಾನು ಚಪ್ಪಲಿ ಕಾಯುವ ನೆಪದಲ್ಲಿ ಗಂಗೆಯ ಮೆಟ್ಟಿಲ ಮೇಲೆ ಕೂತುಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಹಾಗೆ ಕೂತಿದ್ದಾಗ ಬಿಳಿ ಕೂದಲಿನ ವಿದೇಶಿ ಹೆಂಗಸೊಬ್ಬರು ಹತ್ತಿರ ಬಂದರು. ನದಿಯ ಕಡೆ ಸಾಲಾಗಿ ನಿಂತಿರುವ ಹನ್ನೆರಡು ಶಿವ ಗುಡಿಗಳತ್ತ ಕೈ ತೋರಿಸಿ, "ಪೊರ್ ಫವೋರ್... ಪೋಜಿ ಮಿ ಎಸ್ಪ್ಲಿಕಾರ್?" ಅಂದರು. ಬ್ರೆಜಿಲ್‌ನವರಂತೆ. ರಾಮಕೃಷ್ಣರ ಭಕ್ತೆ. ಇಂಗ್ಲಿಷ್ ಅಷ್ಟಕ್ಕಷ್ಟೆ. ನನಗೆ ಪೋರ್ಚುಗೀಸ್ ಬರುವುದಿಲ್ಲ, ಆದರೂ ಪ್ರಶ್ನೆ ಪೂರ್ತಿ ಅರ್ಥವಾಯಿತು ನೋಡಿ! ದಯವಿಟ್ಟು ವಿವರಿಸುತ್ತೀರಾ ಅಂತ. ಹನ್ನೆರಡು ಜ್ಯೋತಿರ್ಲಿಂಗಗಳ ಲೆಕ್ಕದಲ್ಲಿ ಹನ್ನೆರಡು ಗುಡಿ ಅನ್ನುತ್ತಾರೆ, ರಾಣಿ ರಾಸಮಣಿ 1847ರಲ್ಲಿ ಕಟ್ಟಡ ಶುರು ಮಾಡಿಸಿದಳು, 1855ರ ಮೇ 31ರಂದು ಪ್ರತಿಷ್ಠೆಯಾಯಿತು ಅಂತ ಮುರುಕು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಹೇಳಿದೆ. ಜಾಗ ಮೊದಲು ಹೇಸ್ಟಿ ಅನ್ನುವ ಇಂಗ್ಲಿಷರವನದ್ದಾಗಿತ್ತು, ಪಕ್ಕದಲ್ಲಿ ಮುಸಲ್ಮಾನರ ಹಳೆಯ ಸ್ಮಶಾನವಿತ್ತು ಅಂತಲೂ ಸೇರಿಸಿದೆ. ಆಕೆ ತಲೆಯಾಡಿಸಿದರು.

ಮನೆಗೆ ಬಂದ ಮೇಲೂ ಆ 'ಎಸ್ಪ್ಲಿಕಾರ್' ತಲೆಯಲ್ಲೇ ಕೂತಿತ್ತು. ಲ್ಯಾಟಿನ್ ಮೂಲದ ಶಬ್ದ. ಮೂಲಾರ್ಥ ಮಡಿಕೆ ಬಿಚ್ಚುವುದು. ನಾವು ಕನ್ನಡದಲ್ಲಿ ಏನನ್ನುತ್ತೇವೆ? "ಸ್ವಲ್ಪ ಬಿಡಿಸಿ ಹೇಳಿ" ಅನ್ನುತ್ತೇವೆ. ಬಂಗಾಳಿಯವರು "ಖುಲೆ ಬೋಲುನ್", ಅಂದರೆ ತೆರೆದು ಹೇಳಿ, ಅನ್ನುತ್ತಾರೆ. ಇನ್ನೂ ಮರ್ಯಾದೆಯಾಗಿ ಕೇಳಬೇಕಾದರೆ "ಏಕ್ಟು ಬುಝಿಯೆ ಬೋಲ್‌ಬೆನ್?". ಈ ಊರಿಗೆ ಬಂದ ಹೊಸದರಲ್ಲಿ ನಾನು ಕಲಿತ ಮೊದಲ ಪೂರ್ತಿ ವಾಕ್ಯ ಅದೇ. ಅಂಗಡಿ, ಪೋಸ್ಟಾಫೀಸು, ಮನೆ ಓನರ್ ಮಾಶಿಮಾ... ಎಲ್ಲ ಕಡೆ ಅದೊಂದೇ ವಾಕ್ಯ ನನ್ನನ್ನು ದಡ ಮುಟ್ಟಿಸಿತು.

ಈಗ ಇತಿಹಾಸಕ್ಕೆ ಬರುತ್ತೇನೆ. ಆ ಹೆಂಗಸು ಕೂತಿದ್ದ ಮೆಟ್ಟಿಲ ಮುಂದೆಯೇ ನಾನೂರೈವತ್ತು ವರ್ಷಗಳ ಹಿಂದೆ ಆಕೆಯ ಭಾಷೆ ದೋಣಿಯಲ್ಲಿ ಹಾದುಹೋಗುತ್ತಿತ್ತು. ಆಗ ದೇವಸ್ಥಾನವೂ ಇಲ್ಲ, ಕಲ್ಕತ್ತಾವೂ ಇಲ್ಲ. ಪೋರ್ಚುಗೀಸರ ದೊಡ್ಡ ಹಡಗುಗಳು ಕೆಳಗಡೆ ಬೇಟೋರ್‌ನಲ್ಲಿ, ಅಂದರೆ ಈಗಿನ ಹೌರಾದ ಶಿಬಪುರದ ಬಳಿ, ಲಂಗರು ಹಾಕುತ್ತಿದ್ದವು. ಅಲ್ಲಿಂದ ಮೇಲೆ ನದಿ ಆಳ ಸಾಲದು. ಸಣ್ಣ ದೋಣಿಗಳು ಮಾತ್ರ ಸಾತ್‌ಗಾಂವ್ ಬಂದರಿನವರೆಗೆ ಹೋಗುತ್ತಿದ್ದವು. ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆದೆರಿಚಿ ಇದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹಡಗು ಬಂದಾಗ ಬೇಟೋರ್‌ನಲ್ಲಿ ಹುಲ್ಲಿನ ಮನೆ, ಅಂಗಡಿಗಳ ಒಂದು ಊರೇ ಏಳುತ್ತಿತ್ತಂತೆ. ಹಡಗು ಹೊರಟಾಗ ಅದಕ್ಕೆ ಬೆಂಕಿ ಹಚ್ಚಿ ಹೋಗುತ್ತಿದ್ದರಂತೆ. ಈ ಫೆದೆರಿಚಿ ನಮಗೆ ಅಪರಿಚಿತನೇನಲ್ಲ. ತಾಳಿಕೋಟೆ ಯುದ್ಧ ಮುಗಿದ ಎರಡು ವರ್ಷಕ್ಕೆ, 1567ರಲ್ಲಿ, ಹಾಳುಬಿದ್ದ ವಿಜಯನಗರದಲ್ಲಿ ತಿಂಗಳುಗಟ್ಟಲೆ ಇದ್ದವನು ಇವನೇ.

1580ರ ಸುಮಾರಿಗೆ ಅಕ್ಬರನ ಅಪ್ಪಣೆ ಪಡೆದು ಪೋರ್ಚುಗೀಸರು ಹೂಗ್ಲಿಯಲ್ಲಿ ಊರು ಕಟ್ಟಿದರು. ಅದರ ಪಕ್ಕದ ಬಂಡೇಲ್‌ನಲ್ಲಿ 1599ರಲ್ಲಿ ಇಗರ್ಜಿ ಎದ್ದಿತು ಅನ್ನುತ್ತಾರೆ. ಬಂಡೇಲ್ ಅಂದರೆ ಬೇರೇನಲ್ಲ, ನಮ್ಮ 'ಬಂದರು'. ಮಂಗಳೂರಿನವರಿಗೆ ಕೂಡಲೇ ಗೊತ್ತಾಗುವ ಶಬ್ದ.

ಅವರು ಬಂಗಾಳಿಗೆ ಏನೇನು ಬಿಟ್ಟು ಹೋದರು ಅಂತ ಒಮ್ಮೆ ಮನೆಯಲ್ಲೇ ಸುತ್ತಾಡಿ ಲೆಕ್ಕ ಹಾಕಿದೆ. ಕಿಟಕಿಗೆ ಜಾನಾಲಾ, ಬೀಗದಕೈಗೆ ಚಾಬಿ, ಬಕೆಟ್ಟಿಗೆ ಬಾಲ್ತಿ, ಟವೆಲ್ಲಿಗೆ ತೋಯಾಲೆ, ಗುಂಡಿಗೆ ಬೋತಾಮ್, ಮೊಳೆಗೆ ಪೆರೇಕ್, ರಿಬ್ಬನ್ನಿಗೆ ಫಿತೆ, ಗುಂಡುಸೂಜಿಗೆ ಆಲ್‌ಪಿನ್, ಬ್ರೆಡ್ಡಿಗೆ ಪಾಂವ್‌ರುಟಿ, ಚರ್ಚಿಗೆ ಗಿರ್ಜಾ. ಎಲ್ಲ ಅವರದ್ದೇ. ನಮ್ಮಲ್ಲೇನು ಕಡಿಮೆಯೇ? ಇಸ್ತ್ರಿ, ಮೇಸ್ತ್ರಿ, ಪಾದ್ರಿ, ಪೀಪಾಯಿ, ಬಟಾಟೆ, ಅನಾನಸು, ಚಾವಿ, ಬಾಲ್ದಿ, ಅಲಮಾರು... ಬಂಗಾಳಿ ಬಾರದ ದಿನಗಳಲ್ಲಿ ನಾನೂ ನಮ್ಮ ಬಡಗಿಯೂ ಮಾತಾಡಿಕೊಂಡದ್ದು ಅರ್ಧಕ್ಕರ್ಧ ಪೋರ್ಚುಗೀಸಿನಲ್ಲಿ ಅಂತ ಈಗ ಅನಿಸುತ್ತದೆ!

ಆದರೆ ಒಂದು ವಿಚಿತ್ರ. ಇಷ್ಟೆಲ್ಲ ಸಾಮಾನು ಕೊಟ್ಟವರ ಬಾಯಿಂದ 'ಪೊರ್ ಫವೋರ್' ಅನ್ನೋ ಮರ್ಯಾದೆಯ ಮಾತು ಮಾತ್ರ ಇಲ್ಲಿ ಉಳಿಯಲಿಲ್ಲ. ಧನ್ಯವಾದದ 'ಒಬ್ರಿಗಾದೋ' ಕೂಡ ಬರಲಿಲ್ಲ. (ಜಪಾನಿನ 'ಅರಿಗಾತೋ' ಇದರಿಂದಲೇ ಹುಟ್ಟಿದ್ದು ಅಂತ ಒಂದು ಫಾರ್ವರ್ಡ್ ಮೇಲ್ ಓಡಾಡುತ್ತಿತ್ತಲ್ಲ, ಅದು ಸುಳ್ಳು. ಆ ಜಪಾನಿ ಶಬ್ದ ಪೋರ್ಚುಗೀಸರು ಅಲ್ಲಿಗೆ ಹೋಗುವ ಮೊದಲೇ ಇತ್ತು.) ಅದರ ಬದಲು ಬಂಗಾಳಿಯಲ್ಲಿ ಗಟ್ಟಿಯಾಗಿ ಉಳಿದದ್ದು 'ಹರ್ಮಾದ್'. ಆರ್ಮಾಡಾ, ಅಂದರೆ ಹಡಗುಪಡೆ, ಅನ್ನುವುದರ ಬಂಗಾಳಿ ರೂಪ. ಅರ್ಥ ಕಡಲುಗಳ್ಳ. ಮುಕುಂದರಾಮನ ಚಂಡೀಮಂಗಲ ಕಾವ್ಯದಲ್ಲಿ ಫಿರಂಗಿಗಳ ಸೀಮೆ ಬಂದಾಗ ಹರ್ಮಾದರ ಭಯದ ಮಾತು ಬರುತ್ತದೆ. ನಾಲ್ಕು ಶತಮಾನ ಕಳೆದರೂ ಈ ರಾಜ್ಯದ ರಾಜಕೀಯ ಭಾಷಣಗಳಲ್ಲಿ ಎದುರು ಪಕ್ಷದ ಗೂಂಡಾಗಳಿಗೆ 'ಹರ್ಮಾದ್ ಬಾಹಿನಿ' ಅಂತ ಬೈದದ್ದನ್ನು ನಾನೇ ಕೇಳಿದ್ದೇನೆ.

ಬೈಗುಳ ಸುಮ್ಮನೆ ಹುಟ್ಟಿದ್ದಲ್ಲ. ಅರಕಾನಿನ ಮಗ್ಗರ ಜೊತೆ ಸೇರಿ ಪೋರ್ಚುಗೀಸ್ ದರೋಡೆಕೋರರು ಕೆಳ ಬಂಗಾಳದ ನದಿಗಳಲ್ಲಿ ನುಗ್ಗಿ ಊರಿಗೆ ಊರನ್ನೇ ಹಿಡಿದು ಗುಲಾಮರನ್ನಾಗಿ ಮಾರುತ್ತಿದ್ದರು. 1632ರಲ್ಲಿ ಶಹಜಹಾನನ ಸುಬೇದಾರ ಕಾಸಿಂ ಖಾನ್ ಹೂಗ್ಲಿಗೆ ಮುತ್ತಿಗೆ ಹಾಕಿ ಊರನ್ನು ಕಿತ್ತೆಸೆದದ್ದಕ್ಕೆ ಮೊಗಲರು ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಸೆರೆಸಿಕ್ಕವರನ್ನು ಆಗ್ರಾಕ್ಕೆ ನಡೆಸಿಕೊಂಡು ಹೋದರು. ಅಂದರೆ ಜನರನ್ನು ಹಿಡಿದು ಮಾರುತ್ತಿದ್ದವರ ಊರಿನ ಜನ ಈಗ ತಾವೇ ಸೆರೆಯಾಳುಗಳು. ವಿವರಣೆ ಕೇಳುವ ಕ್ರಮ ಇದೂ ಒಂದು, ಆದರೆ 'ಪೊರ್ ಫವೋರ್' ಇಲ್ಲದ್ದು.

ನನಗೆ ಹೇಳಬೇಕಾದ ಮುಖ್ಯ ಕಥೆ ಇನ್ನು ಶುರು.

1663ರ ಸುಮಾರಿಗೆ ಮಗ್ಗರು ಹೀಗೇ ಹಿಡಿದುಕೊಂಡು ಹೋದ ಜನರಲ್ಲಿ ಭೂಷಣಾ ಅನ್ನುವ ಸೀಮೆಯ ದೊರೆ ಮನೆಯ ಹುಡುಗನೊಬ್ಬ ಇದ್ದ. ಗುಲಾಮರ ಸಂತೆಯಲ್ಲಿ ಅವನನ್ನು ಆಗಸ್ಟೀನ್ ಪಂಥದ ಪೋರ್ಚುಗೀಸ್ ಪಾದ್ರಿಯೊಬ್ಬ ದುಡ್ಡು ಕೊಟ್ಟು ಕೊಂಡ. ಹುಡುಗ ಕ್ರೈಸ್ತನಾದ, ದೋಮ್ ಆಂತೋನಿಯೋ ದೊ ರೊಜಾರಿಯೋ ಎಂಬ ಹೆಸರಾಯಿತು. ಅಪ್ಪ ಅಮ್ಮ ಇಟ್ಟ ಹೆಸರು ನಮಗೆ ಉಳಿದಿಲ್ಲ. ದೊಡ್ಡವನಾದ ಮೇಲೆ ತಾನೇ ಧರ್ಮಪ್ರಚಾರಕ್ಕೆ ನಿಂತು ಪೂರ್ವ ಬಂಗಾಳದಲ್ಲಿ ಸಾವಿರಾರು ಬಡ ಜನರನ್ನು ಕ್ರೈಸ್ತರನ್ನಾಗಿ ಮಾಡಿದ. ಜೊತೆಗೆ ಒಂದು ಪುಸ್ತಕ ಬರೆದ. ಅದು ಒಬ್ಬ ಬ್ರಾಹ್ಮಣನಿಗೂ ಒಬ್ಬ ರೋಮನ್ ಕ್ಯಾಥೊಲಿಕನಿಗೂ ನಡೆಯುವ ಸಂವಾದ. ಬಂಗಾಳಿ ಮಾತು, ರೋಮನ್ ಲಿಪಿ. ಅವರು ಕೇಳುತ್ತಾರೆ, ಇವರು ಹೇಳುತ್ತಾರೆ. ಅವತಾರಗಳೇನು, ಮುಕ್ತಿ ಅಂದರೇನು ಅಂತ ವಾದ ಸಾಗುತ್ತದೆ. ಗೆಲ್ಲುವುದು ಯಾರು ಅಂತ ಹೇಳಬೇಕಾಗಿಲ್ಲ. ಆದರೆ ಬ್ರಾಹ್ಮಣನ ಬಾಯಲ್ಲಿ ಬರುವ ಪುರಾಣದ ಸಂಗತಿಗಳೆಲ್ಲ ಹೊರಗಿನಿಂದ ಬಂದ ಪಾದ್ರಿಗೆ ದಕ್ಕುವಂಥದ್ದಲ್ಲ. ಕಳೆದುಹೋದ ಮನೆಯ ಜಗಲಿಯಲ್ಲಿ ಕೂತು ಚಿಕ್ಕಂದಿನಲ್ಲಿ ಕೇಳಿದ್ದೇ ಇರಬೇಕು ಅನ್ನುವುದು ನನ್ನ ಊಹೆ. ಅವನು ವಾದ ಹೂಡಿದ್ದು ಬ್ರಾಹ್ಮಣನ ಜೊತೆಗೋ, ತನ್ನ ಜೊತೆಗೇನೋ ಅನಿಸುತ್ತದೆ.

ಆ ಹಸ್ತಪ್ರತಿ ಪೋರ್ಚುಗಲ್ಲಿನ ಎವೋರಾ ಎಂಬ ಊರಿನ ಗ್ರಂಥಾಲಯ ಸೇರಿತು. ಇತಿಹಾಸಕಾರ ಸುರೇಂದ್ರನಾಥ ಸೇನ್ ಅದನ್ನು ಸಂಪಾದಿಸಿ, 1937ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಪ್ರಕಟಿಸಿತು. ಗುಲಾಮನಾಗಿ ಮಾರಾಟವಾದ ಹುಡುಗನ ಬಂಗಾಳಿ ತನ್ನ ನಾಡಿಗೆ ಮರಳಿ ಬರಲು ಎರಡೂವರೆ ಶತಮಾನ ಬೇಕಾಯಿತು.

ಎರಡನೆಯ ಪುಸ್ತಕ ಇದಕ್ಕಿಂತ ಹೆಸರುವಾಸಿ. ಢಾಕಾದ ಹತ್ತಿರ ಭಾವಾಲ್ ಸೀಮೆಯ ನಾಗೋರಿ ಎಂಬ ಹಳ್ಳಿಯಲ್ಲಿ ಮನೊಯೆಲ್ ದ ಅಸ್ಸುಂಪ್ಸಾಂವ್ ಎಂಬ ಪಾದ್ರಿ ಇದ್ದ. ಹುಟ್ಟೂರು ಅದೇ ಎವೋರಾ. 1734ರಲ್ಲಿ ಬರೆದ ಪುಸ್ತಕ ಅವನದು, 1743ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಎಡಪುಟದಲ್ಲಿ ಬಂಗಾಳಿ, ಬಲಪುಟದಲ್ಲಿ ಪೋರ್ಚುಗೀಸ್. ಹೆಸರು 'ಕೃಪಾರ್ ಶಾಸ್ತ್ರೇರ್ ಅರ್ಥಭೇದ್'. ಅಂದರೆ ಕೃಪೆಯ ಶಾಸ್ತ್ರದ ಅರ್ಥವನ್ನು ಬಿಡಿಸಿ ಹೇಳುವುದು! ನಾವು 'ಭೇದ' ಅಂದರೆ ವ್ಯತ್ಯಾಸ ಅಂದುಕೊಳ್ಳುತ್ತೇವೆ. ಇಲ್ಲಿ ಅದು ಒಳಹೊಕ್ಕು ಸೀಳಿ ನೋಡುವುದು. ತಾಳಮದ್ದಲೆಯಲ್ಲಿ 'ಅರ್ಥ ಹೇಳುವುದು' ಅನ್ನುತ್ತಾರಲ್ಲ, ಅದರ ನೆಂಟ ಅನ್ನಿ. ಲಿಸ್ಬನ್ನಿನಲ್ಲಿ ಬಂಗಾಳಿ ಅಚ್ಚುಮೊಳೆ ಎಲ್ಲಿಂದ ಬರಬೇಕು? ಹಾಗಾಗಿ ರೋಮನ್ ಲಿಪಿ, ಅದೂ ಪೋರ್ಚುಗೀಸ್ ಉಚ್ಚಾರಣೆಯ ಲೆಕ್ಕದಲ್ಲಿ. ಶಾಸ್ತ್ರದ 'ಶ'ಕ್ಕೆ ಇಂಗ್ಲಿಷ್ ವರ್ಣಮಾಲೆಯ ಕೊನೆಯಿಂದ ಮೂರನೆಯ ಅಕ್ಷರ ಹಾಕಿದ್ದಾನೆ. ಮೊದಲ ಸಲ ನೋಡಿದವರಿಗೆ ಬೀಜಗಣಿತದ ಪುಸ್ತಕ ಅನಿಸಿದರೆ ಆಶ್ಚರ್ಯವಿಲ್ಲ.

ಅದೇ ವರ್ಷ ಅಲ್ಲೇ ಅವನ ಇನ್ನೊಂದು ಪುಸ್ತಕವೂ ಬಂತು. ಮೊದಲ ನಲವತ್ತು ಪುಟ ಬಂಗಾಳಿ ವ್ಯಾಕರಣ, ಉಳಿದ ಐನೂರಕ್ಕೂ ಹೆಚ್ಚು ಪುಟ ಎರಡೂ ಕಡೆಯಿಂದ ಶಬ್ದಕೋಶ. ಬಂಗಾಳಿಗೆ ಅದೇ ಮೊದಲ ವ್ಯಾಕರಣ. ಸುನೀತಿಕುಮಾರ ಚಟರ್ಜಿ ಮತ್ತು ಪ್ರಿಯರಂಜನ ಸೇನ್ 1931ರಲ್ಲಿ ಅದರ ವ್ಯಾಕರಣದ ಭಾಗವನ್ನು ಬಂಗಾಳಿ ಅನುವಾದದ ಜೊತೆ ಹೊರತಂದರು. ಹಾಲ್‌ಹೆಡ್ ಸಾಹೇಬನ ವ್ಯಾಕರಣ, ಅಂದರೆ ನಿಜವಾದ ಬಂಗಾಳಿ ಅಕ್ಷರ ಅಚ್ಚಾದ ಪುಸ್ತಕ, ಬಂದದ್ದು 1778ರಲ್ಲಿ. ಅಚ್ಚಾದದ್ದು ಎಲ್ಲಿ? ಪೋರ್ಚುಗೀಸರು ಕಟ್ಟಿದ ಅದೇ ಹೂಗ್ಲಿಯಲ್ಲಿ. ನಮ್ಮ ಪಾಲೂ ಈ ನದಿಯಲ್ಲಿ ಇದೆ ಮತ್ತೆ. ದಕ್ಷಿಣೇಶ್ವರಕ್ಕೂ ಬಂಡೇಲ್‌ಗೂ ನಡುವೆ ಆಚೆ ದಡದಲ್ಲಿ ಸಿಗುವ ಶ್ರೀರಾಮಪುರದಲ್ಲೇ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ.

ಮನೊಯೆಲ್‌ನ ಅರ್ಥಭೇದವೂ ಪ್ರಶ್ನೋತ್ತರವೇ. ಶಿಷ್ಯ ಕೇಳುತ್ತಾನೆ, ಗುರು ಬಿಡಿಸಿ ಹೇಳುತ್ತಾನೆ. ನಡುನಡುವೆ ಪವಾಡದ ಕಥೆಗಳು. ಅದರ ಬಂಗಾಳಿ ಪಂಡಿತರದ್ದಲ್ಲ, ಭಾವಾಲ್ ಸೀಮೆಯ ರೈತರ ಆಡುಮಾತು. ಗದ್ಯವೇ ಅಪರೂಪವಾಗಿದ್ದ ಕಾಲದಲ್ಲಿ ಹಳ್ಳಿಯ ಮಾತನ್ನು ಇದ್ದ ಹಾಗೇ ಹಿಡಿದಿಟ್ಟ ಪುಣ್ಯ ಪಾದ್ರಿಗೆ ಸೇರಬೇಕು. ಆದರೆ ಒಂದು ಮಾತು ಹೇಳಲೇಬೇಕು. ಪ್ರಶ್ನೆಯನ್ನೂ ಬರೆದವನು ಪಾದ್ರಿಯೇ. ಶಿಷ್ಯ ಎಷ್ಟೇ ವಿನಯದಿಂದ ಕೇಳಲಿ, ಉತ್ತರ ಇಲ್ಲದ ಪ್ರಶ್ನೆ ಕೇಳುವ ಸ್ವಾತಂತ್ರ್ಯ ಅವನಿಗಿಲ್ಲ. ನಾಗೋರಿಯ ಒಬ್ಬ ರೈತ ನಿಜವಾಗಿ ಏನು ಕೇಳುತ್ತಿದ್ದನೋ ಅದು ಆ ಪುಸ್ತಕದಲ್ಲಿ ಸಿಗುವುದಿಲ್ಲ.

ಇದೇ ಕೆಲಸ ನಮ್ಮ ಪಶ್ಚಿಮ ಕರಾವಳಿಯಲ್ಲಿ ಇನ್ನೂ ಮೊದಲೇ ಆಗಿತ್ತು. ಗೋವಾದ ರಾಚೋಲ್‌ನಲ್ಲಿ ಇಂಗ್ಲಿಷ್ ಜೆಸುಯಿಟ್ ತೋಮಸ್ ಸ್ಟೀಫನ್ಸ್ ಬರೆದ ಕೊಂಕಣಿ ಪ್ರಶ್ನೋತ್ತರ 1622ರಲ್ಲಿ, ವ್ಯಾಕರಣ 1640ರಲ್ಲಿ ಅಚ್ಚಾದವು. ಎರಡೂ ಅವನು ತೀರಿಕೊಂಡ ಮೇಲೆ. ವ್ಯಾಕರಣದ ಹೆಸರು 'ಕನಾರೀಂ ಭಾಷೆಯ ಕಲೆ'! ಕನ್ನಡ ಅಂದುಕೊಂಡು ತೆರೆದರೆ ಒಳಗೆ ಕೊಂಕಣಿ. ಪೋರ್ಚುಗೀಸರಿಗೆ ಕರಾವಳಿಯೆಲ್ಲ ಕನಾರಾ, ಜನರೆಲ್ಲ ಕನಾರೀಂ. ಯಾರನ್ನೂ ಮರ್ಯಾದೆಯಾಗಿ "ಸ್ವಾಮೀ, ನಿಮ್ಮ ಭಾಷೆ ಯಾವುದು?" ಅಂತ ಕೇಳಿದ ಹಾಗೆ ಕಾಣುವುದಿಲ್ಲ.

ಕೇಳಿ ಬರೆಸಿಕೊಂಡದ್ದೂ ಉಂಟು. ಅದಿಲ್ಲದಿದ್ದರೆ ನಮಗೆ ವಿಜಯನಗರದ ಅರ್ಧ ಚಿತ್ರವೇ ಇರುತ್ತಿರಲಿಲ್ಲ. ಪಾಯೆಸ್ ಮತ್ತು ನೂನಿಜ್ ಬರೆದ ವಿವರಗಳ ಜೊತೆ ಒಂದು ಪತ್ರ ಇದೆ. ಪೋರ್ಚುಗಲ್ಲಿನಲ್ಲಿದ್ದ ಯಾರೋ ದೊಡ್ಡವರು ಬಿಸ್ನಗದ ವಿಷಯ ತಿಳಿಯಬೇಕೆಂದು ಬಯಸಿದ್ದರು. ಅವರ ಇಚ್ಛೆಯಂತೆ ಅಲ್ಲಿಗೆ ಹೋಗಿಬಂದವರನ್ನು ಹುಡುಕಿ ಬರೆಸಿ ಕಳಿಸುತ್ತಿದ್ದೇನೆ ಅಂತ ಅದರಲ್ಲಿ ಬಲು ವಿನಯದಿಂದ ಹೇಳಿದೆ. ಕೇಳಿದವರು ಇತಿಹಾಸಕಾರ ಬಾರೋಸ್ ಇರಬೇಕು ಅನ್ನುವುದು ಸೀವೆಲ್ ಊಹೆ. ಹಂಪಿಯ ಮಹಾನವಮಿ ದಿಬ್ಬದ ಮುಂದೆ ಗೈಡ್ ಒಪ್ಪಿಸುವ ಪಾಠದ ಹಿಂದೆ ಯಾರೋ ಒಬ್ಬರು ಪೋರ್ಚುಗೀಸಿನಲ್ಲಿ "ದಯವಿಟ್ಟು ವಿವರಿಸಿ" ಅಂದದ್ದಿದೆ.

ಇನ್ನು ಇಂಗ್ಲಿಷರ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಅವರು ಇಲ್ಲಿ ಕಾಲೂರಿದಾಗ ಬಂದರಿನ ವ್ಯವಹಾರವೆಲ್ಲ ಹರುಕು ಮುರುಕು ಪೋರ್ಚುಗೀಸಿನಲ್ಲೇ. 1698ರ ಸನದಿನಲ್ಲಿ, ಕಂಪನಿಯ ಪಾದ್ರಿಗಳು ಇಂಡಿಯಾಕ್ಕೆ ಬಂದ ಒಂದು ವರ್ಷದೊಳಗೆ ಪೋರ್ಚುಗೀಸ್ ಕಲಿಯಲೇಬೇಕು ಅಂತ ಬರೆದಿತ್ತು. 1758ರಲ್ಲಿ ಕಲ್ಕತ್ತಾಕ್ಕೆ ಬಂದ ಸ್ವೀಡನ್ನಿನ ಕೀರ್ನಾಂಡರ್ ಪಾದ್ರಿ ಉಪದೇಶ ಮಾಡುತ್ತಿದ್ದದ್ದೂ ಆ ಭಾಷೆಯಲ್ಲೇ. ಆಮೇಲೆ ಇಂಗ್ಲಿಷ್ ಬಂತು, ಇದು ಅಡುಗೆಮನೆಗೂ ಬಡಗಿಯ ಪೆಟ್ಟಿಗೆಗೂ ಸರಿಯಿತು.

ಕೊನೆಗೆ ಪ್ರಶ್ನೆ ಕೇಳುವವನ ಜಾಗಕ್ಕೆ ಒಬ್ಬ ಫಿರಂಗಿಯೇ ಬಂದು ನಿಂತ. ಆಂಟನಿ ಫಿರಿಂಗಿ, ಪೋರ್ಚುಗೀಸ್ ಮೂಲದವನು, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಧೋತಿ ಉಟ್ಟು ಬಂಗಾಳಿಯಲ್ಲಿ ಕವಿಗಾನ ಹಾಡುತ್ತಿದ್ದ. ಕವಿಗಾನ ಅಂದರೆ ನಮ್ಮ ಉತ್ತರ ಕರ್ನಾಟಕದ ಹರದೇಶಿ ನಾಗೇಶಿ ಲಾವಣಿಯ ಸವಾಲ್ ಜವಾಬು ಇದ್ದ ಹಾಗೆ. ಒಂದು ಮೇಳ ಪ್ರಶ್ನೆ ಎಸೆಯುತ್ತದೆ, ಎದುರು ಮೇಳ ನಿಂತ ನಿಲುವಿನಲ್ಲೇ ಪದ ಕಟ್ಟಿ ಉತ್ತರಿಸಬೇಕು. ಇಲ್ಲಿ ವಿನಯ ಏನೂ ಇರುವುದಿಲ್ಲ, ಜಾತಿ ಕುಲ ಎಲ್ಲ ಎತ್ತಿ ಆಡುತ್ತಾರೆ. ಆದರೆ ಪ್ರಶ್ನೆ ಬರೆದವನೂ ಉತ್ತರ ಬರೆದವನೂ ಬೇರೆ ಬೇರೆ. ಪಾದ್ರಿಯ ಪುಸ್ತಕಕ್ಕಿಂತ ಇದು ನನಗೆ ಹೆಚ್ಚು ಇಷ್ಟ. 1967ರ ಸಿನಿಮಾದಲ್ಲಿ ಉತ್ತಮ್ ಕುಮಾರ್ ಆಂಟನಿಯಾಗಿದ್ದರು. ಬೌಬಜಾರಿನಲ್ಲಿ ಅವನ ಹೆಸರಿನೊಂದಿಗೆ ತಳಕು ಹಾಕಿಕೊಂಡ ಫಿರಿಂಗಿ ಕಾಳಿಬಾಡಿ ಈಗಲೂ ಇದೆ.

ಮರ್ಯಾದೆಯ ವ್ಯಾಕರಣದ ಬಗ್ಗೆಯೂ ಒಂದೆರಡು ಮಾತು, ಇದು ನನ್ನ ಹಳೆಯ ಹುಚ್ಚು. ಪೋರ್ಚುಗೀಸಿನಲ್ಲಿ ದೊಡ್ಡವರಿಗೆ 'ವೊಸ್ಸಾ ಮೆರ್ಸೇ', ಅಂದರೆ 'ನಿಮ್ಮ ಕೃಪೆ', ಅನ್ನುತ್ತಿದ್ದರು. ಅದು ಸವೆದೂ ಸವೆದೂ 'ವೊಸೆ' ಆಯಿತು. ಬ್ರೆಜಿಲ್‌ನಲ್ಲಿ ಈಗ ಅದು ದಿನಬಳಕೆಯ ನೀನು ನೀವು. ಪೋರ್ಚುಗಲ್ಲಿನಲ್ಲಿ ಹಿರಿಯರಿಗೆ ಹಾಗಂದರೆ ಮುಖ ಸಿಂಡರಿಸಿಯಾರು. ಬಂಗಾಳಿಯ 'ಆಪ್ನಿ' ಬಂದದ್ದು 'ಆತ್ಮ'ದಿಂದ. ನಮ್ಮ 'ತಾವು' ಕೂಡ 'ತಾನು' ಅನ್ನುವುದರ ಬಹುವಚನ. ಅವರು ಎದುರಿನವರ ಕೃಪೆಯನ್ನು ಕರೆದರೆ ನಾವಿಬ್ಬರೂ ಎದುರಿನವರ 'ತನ್ನತನ'ವನ್ನೇ ಕರೆಯುತ್ತೇವೆ. ಮತ್ತೆ ವಿನಯಕ್ಕೆ ಭೂತಕಾಲ ಬಳಸುವ ಉಪಾಯ ಮೂರೂ ಭಾಷೆಗೆ ಗೊತ್ತು. "ಒಂದು ಮಾತು ಕೇಳಬೇಕಿತ್ತು" ಅನ್ನುತ್ತೇವಲ್ಲ, ಪೋರ್ಚುಗಲ್ಲಿನವರೂ ಅಂಗಡಿಯಲ್ಲಿ 'ಕೆರಿಯಾ' ಅನ್ನುತ್ತಾರೆ, ಅಂದರೆ 'ಬೇಕಿತ್ತು'. ಬಂಗಾಳಿಯವರು "ಜಿಗ್ಗೇಶ್ ಕೊರಾರ್ ಛಿಲೊ". ಬೇಕಾಗಿರುವುದು ಈಗಲೇ, ಆದರೆ ನಿನ್ನೆಯ ಮಾತು ಅನ್ನೋ ಹಾಗೆ ಹೇಳಿ ಎದುರಿನವರಿಗೆ ಇಲ್ಲ ಅನ್ನಲು ಜಾಗ ಬಿಡುವುದು.

ಅವತ್ತು ಆ ಬ್ರೆಜಿಲ್ ಹೆಂಗಸು ಎದ್ದು ಹೊರಡುವ ಮೊದಲು ನಾನೇ ಮೇಲ್ಗಡೆ ನದಿಯತ್ತ ಕೈ ತೋರಿಸಿ, ಬಾಲಿ ಸೇತುವೆಯ ಆಚೆ ಬಂಡೇಲ್ ಅಂತ ಊರಿದೆ, ಅಲ್ಲಿ ನಿಮ್ಮ ಭಾಷೆಯವರು ಕಟ್ಟಿದ ಹಳೇ ಇಗರ್ಜಿ ಇದೆ ಅಂದೆ. ಆಕೆಗೆ ಗೊತ್ತೇ ಇರಲಿಲ್ಲ. "ಬಂಡೇಲ್?" ಅಂತ ಎರಡು ಸಲ ಹೇಳಿಕೊಂಡರು. ನನ್ನ ಕೈಲಿದ್ದ ಪ್ರಸಾದದ ಪೊಟ್ಟಣದ ಮೇಲೆ ರೈಲಿನ ದಾರಿ ಬರೆದುಕೊಟ್ಟೆ. ಪೊಟ್ಟಣ ತೆಗೆದುಕೊಂಡು ಕೈ ಮುಗಿದು "ಒಬ್ರಿಗಾದಾ" ಅಂದರು. ನನ್ನ ಬಾಯಿಂದ ಯಾಕೋ ಕನ್ನಡದಲ್ಲೇ ಬಂತು, "ಅಯ್ಯೋ ಪರವಾಗಿಲ್ಲಮ್ಮ, ಹೋಗಿಬನ್ನಿ" ಅಂತ. ಅಷ್ಟರಲ್ಲಿ ನಮ್ಮವರು ದರ್ಶನ ಮುಗಿಸಿ ಬಂದು ಪ್ರಸಾದ ಎಲ್ಲಿ ಅಂತ ಕೇಳುತ್ತಿದ್ದರು.